ಹಾಟ್ ವೀಲ್ಸ್, ಆ್ಯಕ್ಷನ್ ಫಿಗರ್, ಬ್ಲೈಂಡ್ ಬಾಕ್ಸ್: ಇವೆಲ್ಲ ಮಕ್ಕಳಿಗಾ, ದೊಡ್ಡವರಿಗಾ?

ಬಳಪದಕಡ್ಡಿ ಕೇಳಿದ್ದು:

ಒಂದೇ ಅಂಗಡಿ, ಒಂದೇ ಗೋಡೆ. ಕೆಳಗಿನ ಸಾಲಿನಲ್ಲಿ ಹಾಟ್ ವೀಲ್ಸ್ ಪುಟ್ಟ ಕಾರು, ಕಾರ್ಡಿನ ಮೇಲೆ 3+. ಅದರ ಮೇಲೆ ಮಾರ್ವೆಲ್ ಲೆಜೆಂಡ್ಸ್ ಸೂಪರ್‌ಹೀರೋ ಗೊಂಬೆ, 4+. ಪಕ್ಕದಲ್ಲೇ ಹೆಚ್ಚುಕಡಿಮೆ ಅಷ್ಟೇ ಎತ್ತರದ ಜಪಾನಿನ ಫಿಗರ್, ಅದಕ್ಕೆ 15+. ಒಳಗೆ ಯಾವ ಗೊಂಬೆ ಇದೆ ಅಂತ ಒಡೆಯೋ ತನಕ ಗೊತ್ತಾಗದ ಲಬೂಬು ಬ್ಲೈಂಡ್ ಬಾಕ್ಸಿಗೂ 15+. ಲೆಗೋದ ಹೂಗೊಂಚಲಿಗೆ 18+! ಹೂವು ಜೋಡಿಸೋಕೆ ವೋಟರ್ ಐಡಿ ಬೇಕಾ?

ಈ ಅಂಕಿಗಳನ್ನು ಯಾವ ಲೆಕ್ಕದಲ್ಲಿ ಹಾಕ್ತಾರೆ? ಇಂಥ ಆಟಿಕೆಗಳನ್ನು ನಿಜಕ್ಕೂ ಮಕ್ಕಳನ್ನು ಮನಸ್ಸಲ್ಲಿಟ್ಟು ಮಾಡ್ತಾರಾ, ಇಲ್ಲ ಮಕ್ಕಳ ಹೆಸರು ಹೇಳಿ ದೊಡ್ಡವರಿಗೆ ಮಾರ್ತಾರಾ? ಕೊಡಬೇಕಿರೋದು 5 ವರ್ಷದ ಹುಡುಗನಿಗೆ. ಮನೆಯಲ್ಲಿ 2 ವರ್ಷದ ತಂಗಿಯೂ ಇದ್ದಾಳೆ. ಗೊತ್ತಿರೋರು ಬಿಡಿಸಿ ಹೇಳಿ.

---

ತಿರುಪುಳಿ ಉತ್ತರ:

ಸರ್, ನೀವು ಬರೆದ ಅಂಕಿಗಳೆಲ್ಲ ಒಂದೇ ಜಾತಿಯವಲ್ಲ. ಅದಕ್ಕೇ ಗೊಂದಲ.

3+ ಅನ್ನೋದು ಉಸಿರುಗಟ್ಟುವ ಅಪಾಯದ ಗೆರೆ. 3 ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ತಾರೆ. ಹಾಗಾಗಿ ಅವರ ಆಟಿಕೆಯಿಂದ ಗಂಟಲಲ್ಲಿ ಸಿಕ್ಕುವಷ್ಟು ಸಣ್ಣ ತುಂಡು ಕಳಚಿ ಬರಬಾರದು. ಕಾರಿನ ಚಕ್ರ ಕಳಚಿದರೆ ಅದು ಸಣ್ಣ ತುಂಡೇ, ಆದ್ದರಿಂದ 3+. ಮಗುವಿನ ಬುದ್ಧಿಗೂ ಈ ಅಂಕಿಗೂ ಸಂಬಂಧವಿಲ್ಲ. 'ನಮ್ಮ ಮಗಳು ಬಹಳ ಚುರುಕು, 2ಕ್ಕೇ ಕೊಡಬಹುದು' ಅನ್ನೋ ಮಾತು ಇಲ್ಲಿ ನಡೆಯಲ್ಲ.

14+, 15+ ಬರೋದು ಕಾನೂನಿನ ಬೇಲಿಯಿಂದ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ಕರೆಂಟು ಅಥವಾ ಬ್ಯಾಟರಿಯದ್ದಕ್ಕೆ ಐಎಸ್ 15644. ಯುರೋಪಿನ 2009ರ ಆಟಿಕೆ ಸುರಕ್ಷತಾ ನಿರ್ದೇಶನದ್ದೂ 14ರದ್ದೇ ಗೆರೆ. 'ಇದು 14 ಮತ್ತು ಮೇಲ್ಪಟ್ಟ ಸಂಗ್ರಹಕಾರರಿಗೆ' ಎಂದು ಡಬ್ಬಿ ಮೇಲೆ ಕಾಣುವಂತೆ ಬರೆದ ಸಂಗ್ರಹದ ವಸ್ತು ಅಲ್ಲಿ ಆಟಿಕೆಯ ಲೆಕ್ಕಕ್ಕೇ ಬರಲ್ಲ. ತದ್ರೂಪು ಸ್ಕೇಲ್ ಮಾಡೆಲ್, ಅಲಂಕಾರದ ಗೊಂಬೆ, ಹಳೇ ಆಟಿಕೆಗಳ ಪ್ರತಿರೂಪ ಎಲ್ಲ ಆ ಪಟ್ಟಿಯಲ್ಲಿವೆ. ಜಪಾನಿನ ಎಸ್‌ಟಿ ಸುರಕ್ಷತಾ ಗುರುತು 14 ವರ್ಷದವರೆಗಿನ ಆಟಿಕೆಗೆ, ಚೀನಾದ ಜಿಬಿ 6675 ಮಾನದಂಡ 14ರೊಳಗಿನವರದ್ದಕ್ಕೆ. 15 ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ. ಅಂದರೆ 15+ ಇದ್ದಲ್ಲಿ 'ಇದನ್ನು ಮಕ್ಕಳ ಆಟಿಕೆಯ ಪರೀಕ್ಷೆಗೆ ಒಡ್ಡಿಲ್ಲದಿರಬಹುದು' ಎಂದು ಓದಿಕೊಳ್ಳಿ. ಮೊನಚು ಕೊಂಬು, ಬೆರಳಿಟ್ಟರೆ ಮುರಿಯೋ ಕತ್ತಿ, ಸ್ಕ್ರೂ ಇಲ್ಲದೆ ಉಗುರಲ್ಲೇ ತೆರೆಯೋ ಬಟನ್ ಸೆಲ್ ಮುಚ್ಚಳ ಎಲ್ಲ ಅಂಥದ್ದರಲ್ಲಿ ಇರಬಹುದು.

18+ ಬರೀ ಅಂಗಡಿ ಭಾಷೆ. ಲೆಗೋ 2020ರಿಂದ ದೊಡ್ಡವರ ಸೆಟ್‌ಗಳಿಗೆ ಕಪ್ಪು ಡಬ್ಬಿ ಮಾಡಿ 18+ ಹಾಕ್ತಿದೆ. ನೀವು ಹೇಳಿದ ಹೂಗೊಂಚಲು ಸೆಟ್ ನಂಬರ್ 10280 ಇರಬೇಕು, 2021ರದ್ದು, 756 ತುಂಡು. ಒಳಗಿರೋದು 6+ ಸೆಟ್‌ನಲ್ಲಿರೋ ಥರದ್ದೇ ಪ್ಲಾಸ್ಟಿಕ್ ತುಂಡುಗಳು. ಅಪಾಯ ಏನೂ ಹೆಚ್ಚಿಲ್ಲ, ಮಕ್ಕಳಿಗೆ ಬೇಜಾರಾಗುತ್ತೆ ಅಷ್ಟೆ. ಆಫೀಸಿನ ಮೇಜಿನ ಮೇಲೆ ಇಟ್ಟುಕೊಳ್ಳೋಕೆ ನಾಚೋ ಗಿರಾಕಿಗೆ 'ಇದು ನಿಮಗೇ ಸ್ವಾಮಿ' ಎಂದು ಹೇಳೋ ಉಪಾಯ.

ಇನ್ನು 4+. ಮಾರ್ವೆಲ್ ಲೆಜೆಂಡ್ಸ್ 2002ರಿಂದ ಇದೆ, ಸ್ಟಾರ್ ವಾರ್ಸ್ ಬ್ಲ್ಯಾಕ್ ಸೀರೀಸ್ 2013ರಿಂದ. ಎರಡೂ 6 ಇಂಚಿನವು, ಎರಡಕ್ಕೂ 4+. ಆದರೆ ಮೊಣಕೈಗೆ ಎರಡು ಮಡಿಕೆ, ಕಣಕಾಲು ಒಳಕ್ಕೂ ಹೊರಕ್ಕೂ ವಾಲುತ್ತೆ, ಕೈ ಬಿಚ್ಚಿ ಬೇರೆ ಕೈ ಹಾಕಬಹುದು. ಲೆಜೆಂಡ್ಸ್‌ನ ಎಷ್ಟೋ ಸರಣಿಗಳಲ್ಲಿ ಪ್ರತಿ ಡಬ್ಬಿಯಲ್ಲೂ ಇನ್ನೊಂದು ದೊಡ್ಡ ಗೊಂಬೆಯ ಒಂದೊಂದು ಅಂಗ ಇಟ್ಟಿರ್ತಾರೆ. ಅದು ಪೂರ್ತಿಯಾಗಬೇಕಾದರೆ ಆ ಸಾಲಿನ ಎಲ್ಲ ಗೊಂಬೆಯನ್ನೂ ಕೊಳ್ಳಬೇಕು. 4 ವರ್ಷದ ಮಗು ಹೀಗೆ ಲೆಕ್ಕ ಹಾಕಿ ಕೊಳ್ಳುತ್ತಾ? ಮಾಡೋದು ದೊಡ್ಡವರಿಗೆ. ಆದರೂ ಪರೀಕ್ಷೆ ಪಾಸು ಮಾಡಿಸಿ 4+ ಹಾಕಿದರೆ ಮಾಮೂಲಿ ಆಟಿಕೆ ಅಂಗಡಿಯ ಗೋಡೆಯಲ್ಲಿ ಜಾಗ ಸಿಗುತ್ತೆ, ಮಕ್ಕಳ ವ್ಯಾಪಾರವೂ ಕೈಬಿಡಲ್ಲ.

---

ಒಂದಕ್ಕೆಅರವತ್ನಾಲ್ಕು ಉತ್ತರ:

ತಿರುಪುಳಿ ಹೇಳಿದ್ದು ಸರಿ. ಡಬ್ಬಿ ಬಿಟ್ಟು ವಸ್ತುವನ್ನೇ ಕೈಯಲ್ಲಿ ಹಿಡಿದು ನೋಡೋದು ಹೇಗೆ ಅಂತ ಹಾಟ್ ವೀಲ್ಸ್ ಇಟ್ಟುಕೊಂಡು ಹೇಳ್ತೀನಿ. ಇದೊಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಾಮಾನು ಮಾರಾಟ ಆಗ್ತಿದೆ.

ಕಾರನ್ನು ತಲೆಕೆಳಗು ಮಾಡಿ. ಮಾಮೂಲಿ ಕಾರಾದರೆ, ಅಂದರೆ ಮೇನ್‌ಲೈನ್, ಮೇಲಿನ ಬಾಡಿ ಸತು ಮಿಶ್ರಲೋಹ, ಕೆಳಗಿನ ಬೇಸ್ ಹೆಚ್ಚಾಗಿ ಪ್ಲಾಸ್ಟಿಕ್. ಚಕ್ರ ಗಟ್ಟಿ ಪ್ಲಾಸ್ಟಿಕ್ಕಿನದು, ತೆಳು ತಂತಿಯ ಆಕ್ಸಲ್. ಪ್ರೀಮಿಯಂ ಆದರೆ ಬೇಸ್ ಕೂಡ ಲೋಹ, ಚಕ್ರಕ್ಕೆ ರಬ್ಬರ್ ಟೈರು. ಅದಕ್ಕೆ ರಿಯಲ್ ರೈಡರ್ಸ್ ಅಂತಾರೆ. ಹೆಡ್‌ಲೈಟು, ನಂಬರ್ ಪ್ಲೇಟಿಗೆಲ್ಲ ಪ್ರಿಂಟ್ ಇರುತ್ತೆ. ನೋಡೋಕೆ ಬಲು ಚೆಂದ. ಅದನ್ನೇ ಕಿತ್ತಳೆ ಬಣ್ಣದ ಟ್ರ್ಯಾಕ್ ಮೇಲೆ ಬಿಡಿ. ರಬ್ಬರ್ ಹಿಡಿದುಕೊಳ್ಳುತ್ತೆ, ವೇಗ ಬರಲ್ಲ, ಲೂಪ್ ಅರ್ಧ ಹತ್ತಿ ತಲೆಕೆಳಗಾಗಿ ಬೀಳುತ್ತೆ. ಅಗ್ಗದ ಪ್ಲಾಸ್ಟಿಕ್ ಚಕ್ರದ್ದು ಸುಂಯ್ ಅಂತ ಸುತ್ತಿ ಬರುತ್ತೆ. ದುಬಾರಿ ಕಾರು ಟ್ರ್ಯಾಕಿನಲ್ಲಿ ಸೋಲುತ್ತೆ ಅಂದರೆ ಅದನ್ನು ಓಡಿಸೋಕೆ ಅಂತ ಮಾಡಿದ್ದೇ ಅಲ್ಲ.

ಅಳತೆಯೂ ಇದನ್ನೇ ಹೇಳುತ್ತೆ. 1:64, ಅಂದರೆ ಅಸಲಿ ಗಾಡಿಯ ಅಳತೆಯ 64ರಲ್ಲಿ ಒಂದು ಪಾಲು, ಅನ್ನೋದು ಬಾಯಿಮಾತು. ಮೇನ್‌ಲೈನ್‌ನಲ್ಲಿ ಲಾರಿಯೂ ಪುಟ್ಟ ಕಾರೂ ಹೆಚ್ಚುಕಡಿಮೆ 7 ಸೆಂಟಿಮೀಟರೇ, ಕಾರ್ಡಿನ ಮೇಲಿನ ಪ್ಲಾಸ್ಟಿಕ್ ಗುಳ್ಳೆಗೆ ಹಿಡಿಸೋ ಹಾಗೆ. ಮಗುವಿನ ಮುಷ್ಟಿಗೆ ಅದು ಸರಿ. ಸ್ಕೇಲ್ ತಪ್ಪಿತು ಅಂತ ಗೊಣಗೋರು ದೊಡ್ಡವರು ಮಾತ್ರ.

1968ರಲ್ಲಿ 16 ಕಾರುಗಳಿಂದ ಶುರುವಾದಾಗ ಇದು ಮಕ್ಕಳ ಸಾಮಾನೇ. ದೊಡ್ಡವರ ಗಾಳ ಸ್ಪಷ್ಟವಾಗಿ ಬಿದ್ದದ್ದು 1995ರಲ್ಲಿ. ಟ್ರೆಷರ್ ಹಂಟ್ ಅಂತ 12 ಕಾರು, ಒಂದೊಂದೂ 10,000 ಮಾತ್ರ. 2007ರಲ್ಲಿ ಅದನ್ನೇ ಎರಡು ಮಾಡಿದರು: ಸಾದಾ ಮತ್ತು ಸೂಪರ್. ಅಮೆರಿಕದ ಅಂಗಡಿಗೆ ಹೋಗೋ ಒಂದು ಪೆಟ್ಟಿಗೆಯಲ್ಲಿ 72 ಕಾರು. ಅದರಲ್ಲಿ ಸೂಪರ್ ಸಿಕ್ಕರೆ ಒಂದು, ಎಷ್ಟೋ ಪೆಟ್ಟಿಗೆಯಲ್ಲಿ ಒಂದೂ ಇರಲ್ಲ. ಗುರುತು ಹಿಡಿಯೋದು ಹೀಗೆ. ಕಾರಿನ ಹಿಂದೆ, ಕಾರ್ಡಿನ ಮೇಲೆ, ವೃತ್ತದೊಳಗೆ ಬೆಂಕಿಯ ಚಿಹ್ನೆ ನೋಡಿ. ಬೆಳ್ಳಿ ಬಣ್ಣ ಇದ್ದರೆ ಸಾದಾ, ಚಿನ್ನದ ಬಣ್ಣ ಇದ್ದರೆ ಸೂಪರ್. ಸೂಪರ್‌ಗೆ ರಬ್ಬರ್ ಟೈರು ಇರಬೇಕು, ಬಾಡಿ ಮೇಲೆ ಟಿಎಚ್ ಅಕ್ಷರ ಇರಬೇಕು, ಬಣ್ಣ ಸ್ಪೆಕ್ಟ್ರಾಫ್ಲೇಮ್ ಆಗಿರಬೇಕು. ಹೊಳೆಯೋ ಲೋಹದ ಮೇಲೆ ಬಣ್ಣದ ಗಾಜು ಕವುಚಿದ ಹಾಗೆ ಕಾಣುತ್ತೆ, ಕೊಡಗಿನ ಜೇನು ಬಾಟಲಿಯನ್ನು ಬಿಸಿಲಿಗೆ ಹಿಡಿದ ಹಾಗೆ.

ಮೋಸವೂ ಇಲ್ಲೇ ನಡೆಯೋದು. ಮಾಮೂಲಿ ಕಾರಿನ ತಳದ ರಿವೆಟ್ ಕೊರೆದು, ರಬ್ಬರ್ ಚಕ್ರ ತುರುಕಿ, ಅಂಟು ಹಾಕಿ ಮತ್ತೆ ಗುಳ್ಳೆ ಮುಚ್ಚಿ ಮಾರ್ತಾರೆ. ಕಾರ್ಖಾನೆಯ ರಿವೆಟ್ ತಲೆ ಅಣಬೆಯ ಹಾಗೆ ನುಣುಪಾಗಿ ಚಪ್ಪಟೆಯಾಗಿರುತ್ತೆ. ಸುತ್ತ ಗೀರು, ಅಂಟಿನ ಹೊಳಪು, ಸ್ಕ್ರೂ ಏನಾದರೂ ಕಂಡರೆ ಬಿಟ್ಟುಬಿಡಿ. ಗುಳ್ಳೆಯ ಅಂಚಲ್ಲಿ ಕಾರ್ಡಿನ ಮೇಲ್ಪದರ ಸಿಪ್ಪೆ ಎದ್ದಿದ್ದರೂ ಅದೇ ಕಥೆ. ಇನ್ನೊಂದು: ತಳದ ಮೇಲಿನ ಇಸವಿ ಅಚ್ಚಿನ ಹಕ್ಕುಸ್ವಾಮ್ಯದ್ದು, ಕಾರು ತಯಾರಾದ ವರ್ಷ ಅಲ್ಲ. ಅದನ್ನು ತೋರಿಸಿ 'ಹಳೇ ಕಾಲದ್ದು' ಅಂತ ಬೆಲೆ ಏರಿಸ್ತಾರೆ.

5 ವರ್ಷದ ಹುಡುಗನಿಗೆ ನನ್ನ ಮತ: ಮೇನ್‌ಲೈನ್ 5 ಕಾರು, ಒಂದು ನೇರ ಟ್ರ್ಯಾಕ್, ಒಂದು ಲೂಪ್. ಕೊಳ್ಳುವಾಗ ಕಾರ್ಡಿನ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. ತೆಗೆದ ಮೇಲೆ ಗಾಜಿನ ಮೇಲಿಟ್ಟು ನಾಲ್ಕೂ ಚಕ್ರ ತಾಗುತ್ತಾ ನೋಡಿ. ಒಂದು ಎತ್ತಿಕೊಂಡಿದ್ದರೆ ಆಕ್ಸಲ್ ಬಾಗಿದೆ, ಕಾರು ಒಂದೇ ಕಡೆ ಎಳೆಯುತ್ತೆ. ಚಕ್ರ ಬಿಗಿಯಾದರೆ ಗ್ರಾಫೈಟ್ ಪುಡಿ ಚಿಟಿಕೆಯಷ್ಟು, ಪೆನ್ಸಿಲ್ ಮೊನೆ ಉಜ್ಜಿದ್ದಾದರೂ ಆದೀತು. ಹೊಲಿಗೆ ಮಷೀನಿನ ಎಣ್ಣೆ ಬೇಡ. ಎರಡು ದಿನ ಚೆನ್ನಾಗಿ ಓಡುತ್ತೆ, ಆಮೇಲೆ ನೆಲದ ಕೂದಲು, ಧೂಳು ಎಲ್ಲ ಅಂಟಿ ಕೂತುಬಿಡುತ್ತೆ.

---

ಬಳಪದಕಡ್ಡಿ:

ಬಹಳ ಉಪಯೋಗ ಆಯ್ತು. ಎರಡು ಉಳೀತು. 2 ವರ್ಷದ ತಂಗಿಯ ಕೈಗೆ ಸಿಕ್ಕರೆ ಯಾವುದು ಅಪಾಯ, ಯಾವುದು ಅಲ್ಲ ಅಂತ ಮನೆಯಲ್ಲೇ ನೋಡೋಕೆ ಆಗುತ್ತಾ? ಮತ್ತೆ ಬ್ಲೈಂಡ್ ಬಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ.

---

ತಿರುಪುಳಿ:

ಆಗುತ್ತೆ. ಪ್ರಯೋಗಾಲಯದಲ್ಲಿ ಬಳಸೋದು ಒಂದು ಸಣ್ಣ ಉರುಳೆ: ಒಳವ್ಯಾಸ 31.7 ಮಿಲಿಮೀಟರ್, ತಳ ಓರೆ, ಆಳ ಒಂದು ಕಡೆ 25.4, ಎದುರು ಕಡೆ 57.1. ದಪ್ಪ ಕಾಗದದಲ್ಲಿ ನೀವೇ ಮಾಡಿ. 11 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉದ್ದದಲ್ಲಿ 10 ಸೆಂ.ಮೀ. ಸುತ್ತಳತೆಗೆ, ಉಳಿದ 1 ಅಂಟಿಸೋಕೆ. ಮೇಲಂಚು ನೇರ ಇರಲಿ. ಅಲ್ಲಿಂದ ಕೆಳಕ್ಕೆ ಅಳೆದು 0ಯಲ್ಲಿ 2.5, 2.5ರಲ್ಲಿ 4.1, 5ರಲ್ಲಿ 5.7, 7.5ರಲ್ಲಿ 4.1, 10ರಲ್ಲಿ ಮತ್ತೆ 2.5 ಸೆಂ.ಮೀ.ಗೆ ಚುಕ್ಕೆ ಇಡಿ. ಚುಕ್ಕೆಗಳನ್ನು ಗುಡ್ಡದಂಥ ಬಾಗುಗೆರೆಯಲ್ಲಿ ಸೇರಿಸಿ ಕತ್ತರಿಸಿ, ಸುತ್ತಿ ಅಂಟಿಸಿ, ಓರೆ ಬಾಯಿಗೆ ಕಾಗದ ಮೆತ್ತಿ ಮುಚ್ಚಿ. ಅದೇ ತಳ.

ಈಗ ವಸ್ತುವನ್ನು ಒತ್ತದೆ, ಯಾವ ಕೋನದಲ್ಲಾದರೂ ಹಾಕಿ. ಪೂರ್ತಿ ಒಳಗೆ ಮುಳುಗಿದರೆ ಅದು 3ರೊಳಗಿನ ಮಗುವಿನ ಕೈಗೆ ಸಿಗಬಾರದು. ಹಾಟ್ ವೀಲ್ಸ್ ಕಾರು ಮುಳುಗಲ್ಲ, ಅದರ ಚಕ್ರ ಮುಳುಗುತ್ತೆ. ಗೊಂಬೆ ಮುಳುಗಲ್ಲ, ಅದರ ಬಂದೂಕು, ಬಿಚ್ಚೋ ಕೈ ಮುಳುಗುತ್ತೆ. ಎಲ್ಲರೂ ಎಡವೋದು ಇಲ್ಲೇ: ಇಡೀ ಆಟಿಕೆ ಹಾಕಿ ನೋಡಿ ನಿಶ್ಚಿಂತೆಯಾಗ್ತಾರೆ. ಕಳಚಿ ಬರೋ ತುಂಡನ್ನು ನೋಡಬೇಕು. ಪ್ರಯೋಗಾಲಯದಲ್ಲಿ ಅದಕ್ಕೇ ಮೊದಲು ಬೀಳಿಸಿ, ತಿರುಚಿ, ಎಳೆದು ಆಮೇಲೆ ಉರುಳೆಗೆ ಹಾಕ್ತಾರೆ.

ಈ ನಿಯಮದ ಹಿಂದೆ ಸಾವುಗಳಿವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಆಟಿಕೆಯ ಚಿಮ್ಮುವ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತು. ಆ ಹೊತ್ತಿಗೆ ಕೆನ್ನರ್ ಕಂಪನಿ ಬೆನ್ನಿಂದ ರಾಕೆಟ್ ಹಾರಿಸೋ, ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಗೊಂಬೆಯನ್ನು ಜಾಹೀರಾತು ಮಾಡಿ ಆಗಿತ್ತು. ರಾಕೆಟ್ಟನ್ನು ಅಂಟಿಸಿಯೇ ಕಳಿಸಿತು. ಹಾರಿಸೋ ಮಾದರಿಗಳು ಅಂಗಡಿಗೆ ಬರಲೇ ಇಲ್ಲ. ಮಕ್ಕಳಿಗೆ ಅಪಾಯ ಅಂತ ತಡೆದ ಅದೇ ತುಣುಕಿಗೆ ಇವತ್ತು ದೊಡ್ಡವರ ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರ್.

---

ಲೆಕ್ಕದಪುಸ್ತಕ ಉತ್ತರ:

ಬ್ಲೈಂಡ್ ಬಾಕ್ಸ್ ನನಗೆ ಬಿಡಿ.

ಲಬೂಬು ಹಾಂಗ್‌ಕಾಂಗ್ ಮೂಲದ ಕಾಸಿಂಗ್ ಲುಂಗ್ 2015ರಲ್ಲಿ ಬರೆದ ಚಿತ್ರಪುಸ್ತಕದ ಪಾತ್ರ. 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿಯ ಕೈಯಲ್ಲಿದೆ. ಬ್ಯಾಗಿಗೆ ತಗುಲಿಹಾಕೋ ಮೊದಲ ಸರಣಿ 2023ರದ್ದು: 6 ಮಾಮೂಲಿ, 1 ಗುಪ್ತ. ಗುಪ್ತ ಸಿಗೋ ಸಂಭವ 72ಕ್ಕೆ 1.

ಬಿಡಿ ಬಿಡಿಯಾಗಿ ಕೊಂಡರೆ ಆರೂ ಬಗೆ ಪೂರ್ತಿಯಾಗೋಕೆ ಸರಾಸರಿ ಎಷ್ಟು ಡಬ್ಬಿ ಬೇಕು? ಮೊದಲನೆಯದಕ್ಕೆ 6/6, ಎರಡನೆಯದಕ್ಕೆ 6/5, ಹೀಗೇ 6/1 ತನಕ ಕೂಡಿಸಿ. 14.7 ಬರುತ್ತೆ. ಕೊನೆಯ ಒಂದೇ ಒಂದಕ್ಕೆ ಸರಾಸರಿ 6 ಡಬ್ಬಿ ಹೋಗುತ್ತೆ, ಜೇಬು ಖಾಲಿಯಾಗೋದು ಅಲ್ಲಿ. ಗುಪ್ತ ಗೊಂಬೆ ಸಿಗೋ ಸಂಭವ ಅರ್ಧಕ್ಕೆ ಬರಬೇಕಾದರೇ 50 ಡಬ್ಬಿ. 72 ಕೊಂಡರೂ ಗ್ಯಾರಂಟಿ ಇಲ್ಲ, ನೂರಕ್ಕೆ 63 ಮಾತ್ರ. ಆರೂ ಬೇಕು ಅನ್ನೋರು 6ರ ಸೀಲ್ಡ್ ಪೆಟ್ಟಿಗೆಯನ್ನೇ ಕೊಳ್ಳಬೇಕು. ಒಳಗೆ ಆರೂ ಬೇರೆ ಇರುತ್ತೆ, ಗುಪ್ತ ಬಿದ್ದರೆ ಒಂದರ ಜಾಗದಲ್ಲಿ ಬೀಳುತ್ತೆ.

ಇದು ಮಕ್ಕಳಿಗಾ? 15+ ಅಂತ ಬರೆದಿದ್ದಾರೆ, ಸರಿ. ಆದರೆ ಮೊಲದ ಕಿವಿ, ಮೆತ್ತನೆ ತುಪ್ಪಳ ಇರೋದನ್ನು ಮಗು ಕೇಳದೆ ಬಿಡುತ್ತಾ? ಚೀನಾದ ಮಾರುಕಟ್ಟೆ ನಿಯಂತ್ರಕರು 2023ರಲ್ಲಿ 8ರೊಳಗಿನವರಿಗೆ ಬ್ಲೈಂಡ್ ಬಾಕ್ಸ್ ಮಾರಬಾರದು, ಮೇಲಿನ ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಮಾರ್ಗಸೂಚಿ ತಂದರು. 6ರಲ್ಲಿ 1, 72ರಲ್ಲಿ 1 ಅನ್ನೋದು 5 ವರ್ಷದ ತಲೆಗೆ ಹೋಗಲ್ಲ. ಜಾತ್ರೆಯ ಬಳೆ ಎಸೆಯೋ ಆಟವೇ ಇದು, ಡಬ್ಬಿ ಮಾತ್ರ ಚೆಂದ.

ಹುಡುಗನಿಗೆ 'ಒಳಗೇನಿದೆ' ಅನ್ನೋ ಕುತೂಹಲವೇ ಮುಖ್ಯ ಆದರೆ ಲೆಗೋದ ಪುಟಾಣಿ ಗೊಂಬೆ, ಮಿನಿಫಿಗರ್ ಕೊಡಿಸಿ. 2010ರಿಂದ ಬರ್ತಿದೆ, 5+. ಈಗಿನ ಸರಣಿಗಳಲ್ಲಿ 12 ಬಗೆ, 36ರ ಪೆಟ್ಟಿಗೆಯಲ್ಲಿ 3 ಪೂರ್ತಿ ಸೆಟ್. 2023ರಲ್ಲಿ ಚೀಲ ಹೋಗಿ ಕಾಗದದ ಡಬ್ಬಿ ಬಂತು. ಚೀಲವಾದರೆ ಹಿಚುಕಿ ನೋಡಿ ಒಳಗೇನಿದೆ ಅಂತ ಹೇಳೋರಿದ್ದರು. ಈಗ ಡಬ್ಬಿಯ ತಳದ ಚೌಕ ಕೋಡನ್ನು ಫೋನಿನ ಆ್ಯಪಲ್ಲಿ ಸ್ಕ್ಯಾನ್ ಮಾಡ್ತಾರೆ. ಎರಡೂ ಮಾಡೋರು ದೊಡ್ಡವರೇ, ಮಕ್ಕಳಿಗೆ ಉಳಿಯೋದು ಅವರು ಬಿಟ್ಟದ್ದು.

ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗೋ ನಕಲಿ ಲಬೂಬು ಮಾತ್ರ ಎರಡು ವರ್ಷದವಳಿರೋ ಮನೆಗೆ ತರಲೇಬೇಡಿ. 2025ರ ಆಗಸ್ಟಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದರ ಮೇಲೇ ಎಚ್ಚರಿಕೆ ಕೊಟ್ಟಿದೆ: ತುಂಡಾಗಿ ಗಂಟಲಿಗೆ ಸಿಕ್ಕುತ್ತೆ ಅಂತ. ಹಲ್ಲು ಎಣಿಸಿ, ಅಸಲಿಗೆ 9. ಹೆಚ್ಚುಕಡಿಮೆ ಇದ್ದರೆ ನಕಲಿ. 9 ಇದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ.

---

ಬೊಂಬೆಪೆಟ್ಟಿಗೆ ಉತ್ತರ:

ಎಲ್ಲರೂ ಕಂಪನಿ ಏನು ಅಂದುಕೊಂಡು ಮಾಡ್ತು ಅಂತಲೇ ಹೇಳ್ತಿದ್ದೀರಿ. ನನ್ನ ತಕರಾರು ಅಲ್ಲೇ. ಮಕ್ಕಳಿಗೆಂದೇ ಮಾಡಿದ್ದು ದೊಡ್ಡವರ ಪಾಲಾಗೋಕೆ ಇಪ್ಪತ್ತು ವರ್ಷ ಸಾಕು. ನಮ್ಮ ಫನ್‌ಸ್ಕೂಲ್‌ನ ಸೈನಿಕ ಗೊಂಬೆ ಜಿ.ಐ. ಜೋ ನೋಡಿ. ಎಂಆರ್‌ಎಫ್‌ನವರ ಕಂಪನಿ, ಹ್ಯಾಸ್‌ಬ್ರೋ ಜೊತೆ ಸೇರಿ ಮಾಡಿದ್ದು. ಇಲ್ಲಿನ ಹುಡುಗರು ಮಣ್ಣಲ್ಲಿ ಹೂತು ಆಡಲಿ ಅಂತ ಮಾಡಿದ ಗೊಂಬೆ. ಅಮೆರಿಕದ ಅಚ್ಚಿನಿಂದಲೇ ಬಂದಿದ್ದರೂ ಎಷ್ಟೋ ಗೊಂಬೆಗಳ ಬಣ್ಣ ಅಲ್ಲಿನದಕ್ಕಿಂತ ಬೇರೆ. ಆ 'ತಪ್ಪು' ಬಣ್ಣಕ್ಕೇ ಇವತ್ತು ಅಮೆರಿಕದ ದೊಡ್ಡವರು ಹುಡುಕಿಕೊಂಡು ಬರ್ತಾರೆ.

ಅಟ್ಟದಲ್ಲಿ ಅಂಥದ್ದೇನಾದರೂ ಇದ್ದು ಸೊಂಟ ಕಳಚಿದ್ದರೆ ಎಸೀಬೇಡಿ. ಬೆನ್ನಲ್ಲಿ ಒಂದೇ ಸ್ಕ್ರೂ. ಬಿಚ್ಚಿದರೆ ಎದೆ ಎರಡು ಹೋಳಾಗುತ್ತೆ. ಕಾಲುಗಳನ್ನು ಹಿಡಿದಿರೋ ಲೋಹದ ಕೊಕ್ಕೆಗೂ ಎದೆಯೊಳಗಿನ ಕಂಬಕ್ಕೂ ನಡುವೆ ಕಪ್ಪು ರಬ್ಬರ್ ಉಂಗುರ ಇರುತ್ತೆ. ಅದು ಒಣಗಿ ತುಂಡಾಗಿರೋದಷ್ಟೇ ತೊಂದರೆ. ಹಳೇ ಉಂಗುರದ ಚೂರನ್ನೇ ಒಯ್ದು, ಪಂಪ್‌ಸೆಟ್ ಬಿಡಿಭಾಗದ ಅಂಗಡಿಯಲ್ಲಿ ಅದೇ ದಪ್ಪ, ಅದೇ ಸುತ್ತಿನ ಓ-ರಿಂಗ್ ಕೇಳಿ. ಸಡಿಲ ಆದರೆ ಗೊಂಬೆ ನಿಲ್ಲಲ್ಲ, ಬಿಗಿಯಾದರೆ ತೊಡೆಸಂದು ಸೀಳುತ್ತೆ. ಸ್ಕ್ರೂ ಕೊನೆಯಲ್ಲಿ ಜೋರು ಮಾಡಬೇಡಿ, ಪ್ಲಾಸ್ಟಿಕ್ ಹಳೆಯದು.

ಆಗಿನ ಆಟಿಕೆ ಐದಾರು ವರ್ಷ ಬಾಳಿದರೆ ಸಾಕಿತ್ತು, ಅದಕ್ಕೆ ತಕ್ಕ ಹಾಗೇ ಮಾಡಿದ್ದಾರೆ. 1980ರ ದಶಕದ ಕೊನೆಯ ಕೆಲವು ಟ್ರಾನ್ಸ್‌ಫಾರ್ಮರ್ಸ್ ರೋಬೋ ಗೊಂಬೆಗಳಲ್ಲಿ ಮಿಂಚಿನ ಪುಡಿ ಬೆರೆಸಿದ ಚಿನ್ನದ ಬಣ್ಣದ ಪ್ಲಾಸ್ಟಿಕ್ ಇದೆ. ಡಬ್ಬಿಯೊಳಗೆ ಮುಟ್ಟದೆ ಇಟ್ಟರೂ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ, ಅದಕ್ಕೆ ಔಷಧಿ ಇಲ್ಲ. ಮೈ ಅಂಟಂಟಾದ ಪಿವಿಸಿ ಗೊಂಬೆಗೆ ಮಾತ್ರ ಉಪಾಯ ಇದೆ: ಅದು ಮೆದುಕಾರಕ ಎಣ್ಣೆ ಹೊರಗೆ ಬರ್ತಿರೋದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಮೆತ್ತನೆ ಬ್ರಷ್, ನೆರಳಲ್ಲಿ ಒಣಗಿಸಿ. ಮತ್ತೆ ಬರುತ್ತೆ, ಮತ್ತೆ ತೊಳೀಬೇಕು. ಮಂಗಳೂರು, ಉಡುಪಿ ಕಡೆಯವರು ಕಾರ್ಡ್ ಸಮೇತ ಇಡೋದಾದರೆ ಮಳೆಗಾಲಕ್ಕೆ ಮುಂಚೆ ಮುಚ್ಚಳದ ಪೆಟ್ಟಿಗೆಗೆ ಹಾಕಿ ಸಿಲಿಕಾ ಜೆಲ್ ಇಡಿ. ಇಲ್ಲದಿದ್ದರೆ ಕಾರ್ಡ್ ಹಪ್ಪಳದ ಹಾಗೆ ಬಾಗಿ ಗುಳ್ಳೆಯ ಅಂಟು ಬಿಡುತ್ತೆ.

'ಆಟಿಕೆ ಅಂದಮೇಲೆ ಮಕ್ಕಳದ್ದೇ' ಅನ್ನೋರು ನವರಾತ್ರಿಯಲ್ಲಿ ಯಾರ ಮನೆಗಾದರೂ ಹೋಗಿ ಬರಲಿ. ಪಟ್ಟದ ಗೊಂಬೆಗೆ ಹೊಸ ಸೀರೆ, ಪೇಟ ಎಲ್ಲ ಉಡಿಸಿ ಮೆಟ್ಟಿಲ ಮೇಲೆ ಕೂರಿಸೋರು ದೊಡ್ಡವರು; ಮಕ್ಕಳಿಗೆ ಸಿಗೋದು 'ನೋಡು, ಮುಟ್ಟಬೇಡ' ಅನ್ನೋ ಮಾತು ಮತ್ತೆ ಚರ್ಪು. ಡಬ್ಬಿ ಒಡೆಯದೆ ಇಡೋ ಚಪಲ ವಿದೇಶದಿಂದ ಬಂದಿದ್ದೇನಲ್ಲ.

ತಂಗಿಗೆ ಚನ್ನಪಟ್ಟಣದ್ದು ಕೊಡಿಸಿ. ಆಲೆ ಮರ, ತಿರುಗೋ ಮರಕ್ಕೆ ಬಣ್ಣದ ಅರಗು ಒತ್ತಿ ಆ ಬಿಸಿಗೇ ಕರಗಿಸಿ ಹಚ್ಚಿದ್ದು, ಬ್ರಷ್ಷಿನ ಪೇಂಟಿನ ಹಾಗೆ ಸಿಪ್ಪೆ ಏಳಲ್ಲ. ಅದರ ಮೇಲೆ ಐಎಸ್‌ಐ ಗುರುತು ಕಾಣದಿದ್ದರೆ ಗಾಬರಿ ಬೇಡ: ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ (ಜಿಐ) ಹಕ್ಕಿನ ತಯಾರಕರಿಗೂ 2020ರ ಡಿಸೆಂಬರಿನಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಆದರೆ ವಿನಾಯಿತಿ ಅಂದರೆ ಪರೀಕ್ಷೆ ಆಗಿಲ್ಲ ಅಂತಲೂ ಆಯ್ತು. ತಿರುಪುಳಿಯವರ ಕಾಗದದ ಉರುಳೆಗೆ ಗಿಲಕಿಯ ಬಳೆ, ಬಂಡಿಯ ಗಾಲಿ, ಗೂಟ ಎಲ್ಲ ಒಂದೊಂದಾಗಿ ಹಾಕಿ ನೋಡಿ. ಅಂಗಡಿಗೆ ಹೋಗುವಾಗ ಉರುಳೆಯನ್ನು ಜೇಬಲ್ಲೇ ಇಟ್ಟುಕೊಂಡು ಹೋಗಿ. ಅಂಗಡಿಯವರು ನಗ್ತಾರೆ, ನಗಲಿ.

---

ಬಳಪದಕಡ್ಡಿ:

ಉರುಳೆ ಮಾಡಿ ಆಯ್ತು, ಮದುವೆ ಕಾರ್ಡಿನ ಕಾಗದದಲ್ಲಿ. ಮೇನ್‌ಲೈನ್ 5, ಲೂಪ್ ಒಂದು ಪಟ್ಟಿಗೆ ಬರ್ಕೊಂಡೆ. ಲೂಪಿನ ಟ್ರ್ಯಾಕ್ ಜೋಡಿಸೋ ಪ್ಲಾಸ್ಟಿಕ್ ಕ್ಲಿಪ್ ಉರುಳೆಯಲ್ಲಿ ಮುಳುಗುತ್ತಾ?

---

ಒಂದಕ್ಕೆಅರವತ್ನಾಲ್ಕು:

ಚಪ್ಪಟೆ ಪಟ್ಟಿಯಂಥ ಕ್ಲಿಪ್ಪನ್ನು ಓರೆಯಾಗಿ, ಮೂಲೆಯಿಂದ ಮೂಲೆಗೆ ಇಳಿಸಿ ನೋಡಿ; ನೇರ ಇಟ್ಟು ನೋಡಿದರೆ ಸಾಲದು. ಅಳತೆ ಏನೇ ಬರಲಿ, ಆಟ ಮುಗಿದ ಮೇಲೆ ಟ್ರ್ಯಾಕ್ ಬಿಚ್ಚಿದಾಗ ಕ್ಲಿಪ್ ಎಣಿಸಿ ಡಬ್ಬಿಗೆ ಹಾಕಿಸಿ. ಕಳೆದುಹೋಗೋದೂ ಮೊದಲು ಅದೇ, ಸೋಫಾ ಕೆಳಗೆ ತಂಗಿ ಕೈಗೆ ಸಿಗೋದೂ ಅದೇ.